ಇನ್ನೊಬ್ಬರ ಹೆಸರಿನ ಬೋಗಾಣಿ

ಅಟ್ಟದಿಂದ ಒಂದು ಬೋಗಾಣಿ ಇಳಿಸಿದೆ. ಮುಚ್ಚಳ ತೆಗೆದ ಕೂಡಲೇ ಏಲಕ್ಕಿಯ ಪರಿಮಳ ಬಂತು ಎಂದು ಬರೆಯಲು ಕೈ ತುಡಿಯುತ್ತದೆ. ಬರಲಿಲ್ಲ. ಇಪ್ಪತ್ತೈದು ವರ್ಷಕ್ಕೂ ಮೇಲೆ ಮುಚ್ಚಿಟ್ಟ ಪಾತ್ರೆಯಿಂದ ಬಂದದ್ದು ಡಾಂಬರು ಗುಳಿಗೆಯ ವಾಸನೆ, ಅದರ ಹಿಂದೆ ಸತ್ತ ಜಿರಲೆಯದು. ನಾಳೆ ಮೊಮ್ಮಗಳ ಹುಟ್ಟುಹಬ್ಬ. ನಾನು ಹುಡುಕುತ್ತಿದ್ದದ್ದು ಆರತಿ ತಟ್ಟೆ.

ಬೋಗಾಣಿಯ ಕಂಠದ ಕೆಳಗೆ ಒಂದು ಹೆಸರಿದೆ. ಭಾಂಡೆ ಅಂಗಡಿಯವರು ಸಣ್ಣ ಯಂತ್ರವನ್ನು ಗುರ್ರೆನ್ನಿಸಿ ಚುಕ್ಕಿಚುಕ್ಕಿಯಾಗಿ ಕೊರೆದುಕೊಡುತ್ತಿದ್ದರಲ್ಲ, ಹಾಗೆ ಕೊರೆದದ್ದು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದು ಗೋಡೆಗೆ ಅಂಟಿಸಿದ್ದೇನೆ. ಅಷ್ಟು ಸಾಕು.

ಗದಗ ಹೊಸದಾಗಿ ಜಿಲ್ಲೆಯಾದ ಕಾಲ. ನನ್ನ ಗಂಡನಿಗೆ ಜಿಲ್ಲಾ ಕಚೇರಿಗೆ ವರ್ಗವಾಗಿ, ನಾವು ಮುಂಡರಗಿಯಿಂದ ಬಂದು ಬೆಟಗೇರಿಯ ಒಂದು ಓಣಿಯಲ್ಲಿ ಬಾಡಿಗೆ ಮನೆ ಹಿಡಿದೆವು. ಹನ್ನೊಂದು ಮನೆಗಳ ಓಣಿ. ನಾಲ್ಕು ಮನೆಗಳಿಂದ ಮಗ್ಗದ ಸಪ್ಪಳ ಬರುತ್ತಿತ್ತು. ಕೊನೆಯ ಮನೆಯ ಮುಸಲ್ಮಾನ ಹೆಂಗಸನ್ನು ಎಲ್ಲರೂ ಖಾಲಾ ಎನ್ನುತ್ತಿದ್ದರು, ಚಿಗವ್ವ ಅಂದ ಹಾಗೆ. ಯಾವಾಗ ನೋಡಿದರೂ ನೂಲು ಸುತ್ತುವ ರಾಟಿಯ ಮುಂದೆ ಕುಳಿತಿರುತ್ತಿದ್ದರು. ಆಗ ನನಗೆ ಅವರು ಮುದುಕಿಯಾಗಿ ಕಂಡಿದ್ದರು. ಲೆಕ್ಕ ಹಾಕಿದರೆ ಈಗಿನ ನನಗಿಂತ ಹತ್ತು ವರ್ಷ ಚಿಕ್ಕವರಿದ್ದರು.

ಓಣಿಯಲ್ಲಿ ಯಾವ ಕೂಸಿನ ಹುಟ್ಟುಹಬ್ಬವಿದ್ದರೂ ಅದರ ಹೊಣೆ ಖಾಲಾ ಅವರದು. ಯಾರು ಒಪ್ಪಿಸಿದ್ದರೋ ಗೊತ್ತಿಲ್ಲ. ಪ್ರತಿ ಮನೆಯ ಒಂದು ಪಾತ್ರೆ ವರ್ಷಪೂರ್ತಿ ಅವರ ಹತ್ತಿರ ಇರುತ್ತಿತ್ತು. ಹಿಂದಿನ ದಿನ ದೀಪ ಹಚ್ಚುವ ಹೊತ್ತಿಗೆ ಅವನ್ನೆಲ್ಲ ಒಂದರೊಳಗೊಂದು ಇಟ್ಟು, ಟೊಂಕದ ಮೇಲೆ ಹೊತ್ತು, ಪ್ರತಿ ಹೊಸ್ತಿಲಿಗೆ ಒಂದೊಂದು ಇಡುತ್ತ ಹೋಗುತ್ತಿದ್ದರು. ಪಾತ್ರೆಯ ತಳದಲ್ಲಿ ಒಂದು ಹಿಡಿ ರವೆ ಇದ್ದರೆ ಆ ಮನೆಯವರು ಶಿರಾ ಮಾಡಬೇಕು. ಅವಲಕ್ಕಿ ಇದ್ದರೆ ಚೂಡಾ, ಕಡಲೆಹಿಟ್ಟಿದ್ದರೆ ಭಜಿ. ಮಾತಿಲ್ಲ, ಚೀಟಿಯಿಲ್ಲ. ಸಂಬಳದ ಮನೆಗೆ ದೊಡ್ಡ ಪಾತ್ರೆ, ಮಗ್ಗ ನಿಂತ ಮನೆಗೆ ಸಣ್ಣದು. ಏನೂ ಇಲ್ಲದ ಮನೆಗೆ ಬರೀ ಕೊಡ, ಕುಡಿಯುವ ನೀರು ತಂದರೆ ಆಯಿತು. ಮರುದಿನ ಐದು ಗಂಟೆಗೆ ಅವರೇ ಎಲ್ಲವನ್ನೂ ಕೂಡಿಸಿ ತಂದು ಕೂಸಿನ ಮನೆಯಲ್ಲಿ ಸಾಲಾಗಿ ಇಡುತ್ತಿದ್ದರು.

ಕೂಸಿನ ತಾಯಿ ಅವತ್ತು ಒಲೆ ಹಚ್ಚುವಂತಿಲ್ಲ. “ಹಡದ ದಿನ ದಣಿದಾಳ. ವರ್ಷಕ್ಕೊಮ್ಮೆರ ಆಕಿನ್ನ ಕುಂಡ್ರಸ್ರಿ,” ಎನ್ನುತ್ತಿದ್ದರು. ಚಡಪಡಿಸಿದವರಿಗೆ, “ತೆಲಿ ಬಿಸಿ ಮಾಡ್ಕೋಬ್ಯಾಡ, ಐದಕ್ಕ ತಾನ ಬರತೈತಿ.” ಬರುತ್ತಿತ್ತು. ಹುಟ್ಟುಹಬ್ಬ ಓಣಿಯಲ್ಲಿ ತಾನೇ ನಡೆದು ಬಂದ ಹಾಗೆ.

ಮೊದಲ ಸಲ ನನ್ನ ಹೊಸ್ತಿಲಿಗೆ ಬಂದ ಬೋಗಾಣಿಯ ಮೇಲೆ ಹಿಟ್ಟಿನ ಗಿರಣಿಯವರ ಹೆಸರಿತ್ತು. ಎತ್ತಿಕೊಂಡು ಹಿಂದೆ ಓಡಿದೆ.

“ಖಾಲಾ, ಇದು ಗಿರಣ್ಯಾರ ಮನಿದು. ತಪ್ಪಿ ಇಟ್ಟೀರಿ.”

“ತಪ್ಪಿಲ್ಲ ತಂಗಿ. ಗಿರಣ್ಯಾರ ಮನ್ಯಾಗ ಮಾಸ್ತರದು ಐತಿ.”

“ಹಂಗ್ಯಾಕ್ರಿ?”

“ಹಂಗ.”

ಯಾರ ಪಾತ್ರೆಯೂ ಅವರವರ ಮನೆಗೆ ಹೋಗುತ್ತಿರಲಿಲ್ಲ. ಹಾಗಾಗಿ ಸಾಲಾಗಿ ಕುಳಿತ ಪಾತ್ರೆಗಳ ಮುಂದೆ ನಿಂತರೆ ಯಾವ ಅಡಿಗೆ ಯಾರ ಮನೆಯದು ಎಂದು ತಿಳಿಯುತ್ತಿರಲಿಲ್ಲ. ನನಗದು ಗಬಾಳ, ಅಚ್ಚುಕಟ್ಟಿಲ್ಲದ ಕೆಲಸ ಅನಿಸಿತ್ತು. ಒಂದಕ್ಕೆ ಮಾತ್ರ ನಾವೇ ಮನೆ ಗೊತ್ತುಮಾಡಿಕೊಂಡಿದ್ದೆವು: ಶೇಂಗಾ ಉಂಡಿ. ಒಮ್ಮೆ ಅದು ಶಾಲೆಯ ಮಾಸ್ತರರ ಹೆಸರಿನ ಡಬ್ಬಿಯಲ್ಲಿ ಬಂದಿತ್ತಂತೆ. ಅಂದಿನಿಂದ ಯಾವ ಪಾತ್ರೆಯಲ್ಲಿ ಬಂದರೂ ಅದು ಮಾಸ್ತರ ಮನಿ ಉಂಡಿ. ಬೆಲ್ಲದ ಪಾಕ ಹಲ್ಲಿಗೆ ಹತ್ತುತ್ತಿರಲಿಲ್ಲ, ಶೇಂಗಾ ಅರ್ಧ ಮುರಿದು ಅರ್ಧ ಹಾಗೇ ಇರುತ್ತಿತ್ತು. ಮಕ್ಕಳು ಕಿಸೆಗೂ ಹಾಕಿಕೊಳ್ಳುತ್ತಿದ್ದವು. ಹೊಗಳಿದರೆ ಮಾಸ್ತರರ ಹೆಂಡತಿ, ನಾವು ವೈನಿ ಎನ್ನುತ್ತಿದ್ದಾಕೆ, ಸೆರಗು ಸರಿ ಮಾಡಿಕೊಂಡು, “ಏನೋ ಬರ್ತಾವ್ರಿ, ಕೈಗೆ ಬಂದಂಗ,” ಎನ್ನುತ್ತಿದ್ದರು.

ನನ್ನ ಮಗಳಿಗೆ ಐದು ತುಂಬುವ ವರ್ಷ ನಾನು ಒಂದು ಪಟ್ಟಿ ಮಾಡಿದೆ.

ಈ ಸಂಗತಿಯನ್ನು ನಾನು ಹಲವರಿಗೆ ಹೇಳಿದ್ದೇನೆ. ಯಾರಿಗೂ ಹೆಚ್ಚು ಕಡಿಮೆ ಆಗಬಾರದು, ಎಲ್ಲ ಮನೆಗೂ ಸಮಪಾಲು ಇರಲಿ ಎಂದು ಪಟ್ಟಿ ಮಾಡಿದೆ ಎಂದು. ಹೇಳುತ್ತ ಹೇಳುತ್ತ ನನಗೇ ಅದು ಖರೆ ಎನಿಸತೊಡಗಿತ್ತು. ಖರೆ ಬೇರೆ. ಪ್ರತಿ ಸಲವೂ ನಮಗೇ ದೊಡ್ಡ ಬೋಗಾಣಿ ಬರುತ್ತದೆಂದು ನನಗೆ ಸಿಟ್ಟಿತ್ತು. ಸಂಬಳದವರೆಂದರೆ ಸುಲಿಯುವುದೇ ಎಂದು ಗಂಡನ ಮುಂದೆ ಅಂದಿದ್ದೆ. ಜೊತೆಗೆ ಅವನ ಕಚೇರಿಯ ಸಾಹೇಬರ ಹೆಂಡತಿಯನ್ನು ಕರೆದಿದ್ದೆವು. ಮೈಸೂರು ಕಡೆಯವರು. ಅವರ ಮುಂದೆ ಯಾರದೋ ಹೆಸರಿನ ಪಾತ್ರೆಯಲ್ಲಿ ಯಾರದೋ ಅಡಿಗೆ… ನಾಚಿಕೆಯಾಯಿತು.

ಮೊದಲು ಮಾಸ್ತರ ಮನೆಯ ಹೆಸರಿನ ಮುಂದೆ ಉಂಡಿ ಎಂದು ಬರೆದೆ. ವೈನಿ ಬಂದು ಹೊಡೆದುಹಾಕಿಸಿದರು. “ಈ ಸಲ ಶೇಂಗಾ ಛಲೋ ಸಿಕ್ಕಿಲ್ರಿ. ನನಗ ಚಕ್ಕಲಿ ಬರೀರಿ.” ಬರೆದೆ. ಪಟ್ಟಿ ಹಿಡಿದು ಖಾಲಾರ ಮನೆಗೆ ಹೋದೆ. ಅವರಿಗೆ ಓದು ಬರುತ್ತಿರಲಿಲ್ಲ.

“ಓದು ತಂಗಿ, ಕೇಳ್ತೀನಿ.” ರಾಟಿ ತಿರುಗುತ್ತಲೇ ಇತ್ತು. ಓದಿದೆ. “ಛಲೋ ಆತು. ಸಾಲ್ಯಾಗ ಹಾಜರಿ ಕರದಂಗ.”

“ಇನ್ನ ಗೊಂದಲ ಇಲ್ರಿ ಖಾಲಾ. ಅವರವರ ಭಾಂಡೆದಾಗ ಅವರವರು ತರೂದು.”

“ಗೊಂದಲ ಎಲ್ಲಿತ್ತು?”

“ಅಲ್ರಿ, ಮಂದಿ ಮತ್ತ ಹೆಸರು ಯಾಕ ಕೊರಸ್ತಾರ?”

“ಭಾಂಡೆ ಕಳೀಬಾರದಂತ. ಹೆಸರು ಭಾಂಡೆಕ್ಕ ತಂಗಿ, ಒಳಗಿದ್ದದ್ದಕ್ಕಲ್ಲ.”

ನಾನು ನಕ್ಕೆ. ಮುದುಕಿಯ ಮಾತು ಎಂದುಕೊಂಡೆ. ಅವರ ಹೆಸರಿನ ಮುಂದೆ ಏನು ಬರೆಯಲಿ ಎಂದು ಕೇಳಿದೆ. ಆಗ ರಾಟಿ ನಿಂತಿತು. ನಿಜವಾಗಿ ನಿಂತಿತೋ, ಈಗ ನಾನು ನಿಲ್ಲಿಸುತ್ತಿದ್ದೇನೋ…

“ನನ್ನ ಹೆಸರು ಬ್ಯಾಡ ಬಿಡು. ನಾ ಹೊರಾಕ ಇರ್ತೀನಲ್ಲ.”

“ಅದ್ಹೆಂಗ್ರಿ? ಎಲ್ಲಾರೂ ಸರಿಸಮ.”

ಅವರು ನನ್ನ ಮುಖ ನೋಡಿದರು. “ಹಂಗಾರ ಶೇಂಗಾ ಉಂಡಿ ಬರಿ. ಬ್ಯಾಡಂದ್ರ ಕೇಳಾಕಿ ಅಲ್ಲ ನೀ.”

ಮರುದಿನ ಗೋಡೆಗೆ ಪಟ್ಟಿ ಅಂಟಿಸಿದೆ. ದುಂಡು ಅಕ್ಷರದಲ್ಲಿ ಹನ್ನೊಂದು ಹೆಸರು, ಹನ್ನೊಂದು ತಿನಿಸು, ತಲಾ ನಲವತ್ತು. ಅದರ ಕೆಳಗೆ ಮೇಜಿನ ಮೇಲೆ ಹುಬ್ಬಳ್ಳಿಯಿಂದ ತರಿಸಿದ ಕೇಕು. ನೀರಿನ ಕೊಡದ ಮನೆಯಾಕೆಗೆ ನಾನು ನಲವತ್ತು ಬಾಳೆಹಣ್ಣು ಬರೆದಿದ್ದೆ. ಆಕೆ ಬೆಳಿಗ್ಗೆಯೇ ಮಗುವನ್ನು ಕರೆದುಕೊಂಡು ಅಸುಂಡಿಯ ತವರಿಗೆ ಹೋಗಿದ್ದಳು. ಬಾಗಿಲಿಗೆ ಕೀಲಿ. ಖಾಲಾ ಉಳಿದ ಮನೆಗಳ ಪಾತ್ರೆಗಳನ್ನು ಎಂದಿನಂತೆ ಹೊತ್ತು ತಂದು ಸಾಲಾಗಿ ಇಟ್ಟರು. ಎಲ್ಲದರ ಹೆಸರೂ ಹೊರಗೆ ಕಾಣುವ ಹಾಗೆ ನಾನೇ ತಿರುಗಿಸಿದೆ. ಕೊನೆಯದು ಖಾಲಾರ ಹೆಸರಿದ್ದ ಈ ಬೋಗಾಣಿ.

“ಎಲ್ಲಾ ಹೆಸರು ಬರೆದಿಟ್ಟಿದ್ದೀರಲ್ಲ, ತುಂಬ ಚೆನ್ನಾಗಿದೆ,” ಎಂದರು ಸಾಹೇಬರ ಹೆಂಡತಿ. “ಯಾವುದು ಯಾರ ಮನೆಯದು ಅಂತ ಗೊತ್ತಾಗುತ್ತೆ.”

ಗೊತ್ತಾಯಿತು. ಹೆಂಗಸರು ಒಬ್ಬೊಬ್ಬರಾಗಿ ಬಂದು ಪಟ್ಟಿ ನೋಡಿದರು. ತಾಟುಗಳು ಶಿರಾ, ಚೂಡಾ, ಭಜಿ, ಚಕ್ಕಲಿಯ ಮುಂದೆ ನಿಂತು, ಬೋಗಾಣಿಯ ಹತ್ತಿರ ಬಂದಾಗ ಸ್ವಲ್ಪ ಬೇಗ ಸರಿದವು. ಗಿರಣಿ ಮನೆಯಾಕೆ, “ವೈನಿ, ಈ ಸಲ ನಿಮ್ಮ ಉಂಡಿ ಇಲ್ಲೇನ್ರಿ?” ಎಂದಳು. ಉಂಡಿ ಅವಳ ಕಣ್ಣೆದುರಿಗೇ ಇದ್ದವು. “ಇಲ್ರಿ, ಈ ಸಲ ಆಗ್ಲಿಲ್ಲ,” ಎಂದರು ವೈನಿ, ಚಕ್ಕಲಿ ಮುರಿಯುತ್ತ. ಖಾಲಾ ಬಾಗಿಲ ಹತ್ತಿರ ನಿಂತಿದ್ದರು.

ಸಾಹೇಬರ ಹೆಂಡತಿ ಉಂಡಿ ತೆಗೆದುಕೊಂಡರೋ ಇಲ್ಲವೋ, ನನಗೆ ನೆನಪಿಲ್ಲ. ಅವರು ತೆಗೆದುಕೊಳ್ಳದಿದ್ದರೆ ನನ್ನ ಕಥೆಗೆ ಅನುಕೂಲ. ಅವರಿಗೆ ಹೆದರಿದೆ ಎಂದು ಹೇಳಿಕೊಳ್ಳಬಹುದು. ಆದರೆ ಅವರು ಬೋಗಾಣಿಯ ಕಡೆಗೆ ಬಾಗಿದ ಚಿತ್ರವೊಂದು ಆಗಾಗ ಕಣ್ಣಿಗೆ ಬರುತ್ತದೆ. ಅದನ್ನು ನಾನು ದೂಡುತ್ತೇನೆ.

ಖಚಿತವಾಗಿ ನೆನಪಿರುವುದು ಒಂದೇ. ಹೊಸ ಫ್ರಾಕು ತೊಟ್ಟ ನನ್ನ ಮಗಳು ಬೋಗಾಣಿಗೆ ಕೈ ಹಾಕಿದಳು. ನಾನು ಆ ಕೈ ಹಿಡಿದೆ. “ಆಮ್ಯಾಲೆ. ಮೊದಲ ಕೇಕ್ ತಿನ್ನು,” ಎಂದೆ. ಬಹಳ ವರ್ಷ ಇದನ್ನು ಗಿರಣಿ ಮನೆಯಾಕೆ ಮಾಡಿದಳೆಂದು ಹೇಳುತ್ತ ಬಂದೆ. ಕೈ ನನ್ನದು. ತಲೆ ಎತ್ತಿದಾಗ ಖಾಲಾ ನೋಡುತ್ತಿದ್ದರು.

ಎಲ್ಲರೂ ಹೋದ ಮೇಲೆ ಅವರು ಪಾತ್ರೆಗಳನ್ನು ತೊಳೆದು ಅವರವರ ಮನೆಗೆ ಮುಟ್ಟಿಸಿದರು. ಮತ್ತೆ ಯಾರ ಪಾತ್ರೆಯೂ ಅವರ ಹತ್ತಿರ ಉಳಿಯಲಿಲ್ಲ. ತುಂಬಿದ ಬೋಗಾಣಿಯನ್ನು ಮಾತ್ರ ಒಯ್ಯಲಿಲ್ಲ.

“ಕೇಕ್ ಇತ್ತಲ್ಲ, ಮಂದಿ ಹೊಟ್ಟಿ ತುಂಬಿತ್ತು. ಅದಕ್ಕ ಉಳದಾವು,” ಎಂದರು. ನಮಗೆ ಬೇಕಾದ ನೆಪವನ್ನೂ ಅವರೇ ಹುಡುಕಿ ಕೊಟ್ಟರು. “ಕೂಸಿಗೆ ಇರ್ಲಿ. ಉಂಡಿ ಎಂಟು ದಿನ ಕೆಡೂದಿಲ್ಲ.”

ಮೂರನೆಯ ದಿನ, ಮನೆಯಲ್ಲಿ ಯಾರೂ ಇಲ್ಲದಾಗ, ಒಂದು ಉಂಡಿ ಒಡೆದು ಬಾಯಿಗೆ ಹಾಕಿಕೊಂಡೆ. ಹಲ್ಲಿಗೆ ಹತ್ತದ ಪಾಕ. ಅರ್ಧ ಮುರಿದ ಶೇಂಗಾ. ಮಾಸ್ತರ ಮನಿ ಉಂಡಿ.

ವೈನಿಯ ಹತ್ತಿರ ಹೋಗಿ ಕೇಳಿದೆ. ಅವರು ಬಾಗಿಲು ಮುಂದೆ ಮಾಡಿ, “ನನಗೇನ ಗೊತ್ತಿರಲಿಲ್ಲೇನ್ರಿ? ನಾ ಮಾಡಿಲ್ಲ ಅನ್ನೂದರ ನನಗ ಗೊತ್ತಿತ್ತಲ್ಲ,” ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, “ಎಲ್ಲಾರಿಗೂ ಗೊತ್ತಿತ್ತು ಬಿಡ್ರಿ. ಕೇಳಿದ್ರ ತಿನ್ನಾಕ ಬರೂದಿಲ್ಲಂತ ಯಾರೂ ಕೇಳ್ತಿರಲಿಲ್ಲ. ನೀವು ಬರದ್ರಿ.”

ಖಾಲಾ ನಮಗೆ ಇಷ್ಟು ವರ್ಷ ಬಡಿಸಿದ್ದು ಆ ಗೊತ್ತಿಲ್ಲದಿರುವಿಕೆಯನ್ನು. ಅದು ದೊಡ್ಡ ಸಂಗತಿಯೇನಲ್ಲ, ಅದನ್ನು ಸೌಹಾರ್ದ ಎಂದು ಕರೆಯಲು ನನಗೆ ಮನಸ್ಸಿಲ್ಲ. ಒಬ್ಬ ಹೆಂಗಸು ತನ್ನ ಕೈ ಅಡಿಗೆಯನ್ನು ಇನ್ನೊಬ್ಬರ ಹೆಸರಿನೊಳಗೆ ಬಚ್ಚಿಟ್ಟು ತಂದು ನಮ್ಮ ಮಕ್ಕಳಿಗೆ ತಿನ್ನಿಸುತ್ತಿದ್ದಳು, ಹೊಗಳಿಕೆ ಇನ್ನೊಬ್ಬರಿಗೆ ಹೋಗುವುದನ್ನು ನಿಂತು ನೋಡುತ್ತಿದ್ದಳು. ಅಷ್ಟೇ. ನಾನು ಅಷ್ಟನ್ನೂ ಉಳಿಸಲಿಲ್ಲ.

ಪಾತ್ರೆ ಹಿಂದಿರುಗಿಸಬೇಕಿತ್ತು. ಬರಿದಾದ ಪಾತ್ರೆ ಕೊಡುವುದು ನಮ್ಮಲ್ಲಿ ಪದ್ಧತಿಯಲ್ಲ, ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಏನು ಹಾಕಲಿ ಎಂದು ತೋಚಲಿಲ್ಲ. ಇವತ್ತು ನಾಳೆ ಎಂದು ಮುಂದೆ ಹಾಕಿದೆ. ನಂತರದ ಹುಟ್ಟುಹಬ್ಬ ಗಿರಣಿ ಮನೆಯದು. ಹಿಂದಿನ ಸಂಜೆ ನಾವೆಲ್ಲ ಹೊಸ್ತಿಲ ಕಡೆ ನೋಡಿದೆವು. ಪಾತ್ರೆ ಬರಲಿಲ್ಲ. ಬೇಕರಿಯಿಂದ ಕೇಕು, ಖಾರಾ ಬಂದವು. ಆಮೇಲೆ ಎಲ್ಲ ಮನೆಗಳಲ್ಲೂ ಹಾಗೇ ಆಯಿತು. ಖಾಲಾ ಯಾರ ಜೊತೆಗೂ ಮಾತು ಬಿಡಲಿಲ್ಲ. ಅದೇ ರಾಟಿ, ಅದೇ “ಆರಾಮ ಇದ್ದೀಯೇನು ತಂಗಿ.” ಎರಡು ವರ್ಷದ ನಂತರ ಲಕ್ಷ್ಮೇಶ್ವರದಲ್ಲಿದ್ದ ಮಗಳ ಮನೆಗೆ ಹೋಗಿಬಿಟ್ಟರು.

ಒಮ್ಮೆ ಗದಗ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು, ಲಕ್ಷ್ಮೇಶ್ವರದ ಬಸ್ಸಿನ ಕಿಟಕಿಯಲ್ಲಿ.

“ನಿಮ್ಮ ಬೋಗಾಣಿ ನನ್ನ ಹತ್ರನ ಉಳದೈತ್ರಿ ಖಾಲಾ.”

“ಇರ್ಲಿ. ಹೆಸರೈತಲ್ಲ, ಎಲ್ಲಿ ಹೊಕ್ಕೈತಿ?” ನಕ್ಕರು. ನಾನು ಇನ್ನೇನೋ ಹೇಳಬೇಕೆನ್ನುವಾಗ ಬಸ್ಸು… ಇಲ್ಲ, ಬಸ್ಸು ಇನ್ನೂ ಬಹಳ ಹೊತ್ತು ನಿಂತಿತ್ತು. ನಾನೇ ಸರಿದು ಹೋದೆ.

ಅವರು ತೀರಿಕೊಂಡ ಖಬರು ವೈನಿಯಿಂದ ತಿಳಿಯಿತು, ಆಗಿ ಆರು ತಿಂಗಳಾದ ಮೇಲೆ.

ಇವತ್ತು ಮಧ್ಯಾಹ್ನ ಮಗಳು ಮೊಮ್ಮಗಳನ್ನು ಕರೆದುಕೊಂಡು ಬಂದಳು. ನಾಳೆಗೆ ಎಲ್ಲವನ್ನೂ ಒಬ್ಬನಿಗೆ ಗುತ್ತಿಗೆ ಕೊಟ್ಟಿದ್ದಾಳೆ. ಬಲೂನು, ಕೇಕು, ಮಕ್ಕಳನ್ನು ಆಡಿಸುವವರು, ಡಬ್ಬಿಯಲ್ಲಿ ಊಟ. “ಅವ್ವಾ, ನೀ ಏನೂ ಟೆನ್ಶನ್ ತಗೋಬ್ಯಾಡ,” ಎಂದಳು. ಅಡಿಗೆಮನೆಯ ಕಟ್ಟೆಯ ಮೇಲಿನ ಬೋಗಾಣಿ ಕಂಡು, ಎತ್ತಿ ಬೆಳಕಿಗೆ ಹಿಡಿದು, ಹೆಸರನ್ನು ತಡೆದು ತಡೆದು ಓದಿದಳು.

“ಯಾರವ್ವಾ ಇವರು?”

“ಬೆಟಗೇರಿ ಓಣ್ಯಾಗಿದ್ರು. ನಿನಗ ನೆನಪಿಲ್ಲ.”

“ಆ ಓಣಿ? ನನಗ ಒಂದ ನೆನಪೈತಿ ನೋಡು, ಮಾಸ್ತರ ಮನಿ ಉಂಡಿ. ಅಂಥಾವು ಮತ್ತೆಲ್ಲೂ ತಿನ್ನಲಿಲ್ಲ. ಅವರ ಹಂತೇಕ ಕಲೀಬೇಕಿತ್ತವ್ವಾ ನೀ.”

ಅವಳು ನನ್ನ ಉತ್ತರಕ್ಕೆ ಕಾದಳು. ಬೋಗಾಣಿ ಅವಳ ಕೈಯಲ್ಲೇ ಇತ್ತು.

“ಹೂಂ,” ಎಂದೆ. “ಮಾಸ್ತರ ಮನಿವು ಭಾಳ ಛಲೋ ಇರ್ತಿದ್ವು.”