ಹಿಮದ ಆಕಾಶದ ಉಬ್ಬುಗಳು

2018ರಲ್ಲಿ ನಾನು ವಸ್ತುಸಂಗ್ರಹಾಲಯವೊಂದರ ಚಿತ್ರ ಸಂರಕ್ಷಕನ ಹುದ್ದೆಯಿಂದ ನಿವೃತ್ತನಾಗಿ ಬೀದರಿನ ನೌಬಾದಕ್ಕೆ ಬಂದು ವರ್ಷವಾಗಿತ್ತು. ಹಳೆಯ ಚಿತ್ರಗಳ ಕೊಳೆ ತೆಗೆದು, ಉದುರುವ ಬಣ್ಣ ನಿಲ್ಲಿಸುವುದು ನನ್ನ ಕಸುಬು. ಇಲ್ಲಿ ಅಂಥ ಕೆಲಸ ಯಾರು ತಂದಾರು ಎಂದು ಆರಾಮವಾಗಿದ್ದೆ. ಒಂದು ಬೆಳಿಗ್ಗೆ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಒಬ್ಬರು ಒಂಬತ್ತು ಇಂಚಿನ ತೈಲಚಿತ್ರವೊಂದನ್ನು ಟವೆಲಿನಲ್ಲಿ ಸುತ್ತಿ ತಂದರು.

ಯುರೋಪಿನ ಯಾವುದೋ ಹಳ್ಳಿ, ಚಳಿಗಾಲ, ಹಿಮ ಕೂತ ಮಾಡು, ಸೌದೆ ಹೊತ್ತ ಹೆಂಗಸು. ಬರೆದದ್ದು ಕ್ಯಾನ್ವಾಸಿನ ಮೇಲಲ್ಲ, ತೆಳು ತಾಮ್ರದ ತಗಡಿನ ಮೇಲೆ. ಚಿದ್ರಿಯ ಶಿಕ್ಷಕಿ ಸುಶೀಲಾಬಾಯಿಯ ಮನೆಯಲ್ಲಿತ್ತಂತೆ. ಅವರು ತೀರಿಕೊಂಡ ಮೇಲೆ ಅದು ಸಿಕ್ಕಿದ್ದು ಔರಾದದಲ್ಲಿ, ಅವರ ಮನೆಯ ಅಡುಗೆ ಮಾಡಿಕೊಂಡಿದ್ದ ಕಾಶೀಬಾಯಿಯ ಗೋಡೆಯ ಮೇಲೆ. ಭಾಲ್ಕಿಯಲ್ಲಿದ್ದ, ಸುಶೀಲಾಬಾಯಿಯ ಮೈದುನನ ಮಗ ದಿಲೀಪ ಕಳವಿನ ದೂರು ಕೊಟ್ಟಿದ್ದ. ಚಿತ್ರ ಎಷ್ಟು ಹಳೆಯದು, ಯಾವ ಸ್ಥಿತಿಯಲ್ಲಿದೆ ಎಂದು ನಾನು ವರದಿ ಬರೆಯಬೇಕಿತ್ತು. ಇಬ್ಬರೂ ಬಂದು ನನ್ನೆದುರು ಕೂತಿದ್ದರು.

“ಮಗಳ ಲಗ್ನದಾಗ ಅಕ್ಕೋರು ತಮ್ಮ ಕೈಯಾರೆ ಕೊಟ್ಟಾರ್ರಿ,” ಎಂದಳು ಕಾಶೀಬಾಯಿ.

“ಸಾಕ್ಷಿ ಏನದ?” ಎಂದ ದಿಲೀಪ.

ಸಾಕ್ಷಿ ಹೇಳಬೇಕಾದವರೇ ಇರಲಿಲ್ಲ. ಚಿತ್ರದ ಆಕಾಶದಲ್ಲಿ ಸಣ್ಣ ಸಣ್ಣ ಉಬ್ಬುಗಳಿದ್ದವು. ತೇವಕ್ಕೆ ಬಣ್ಣ ಗುಳ್ಳೆ ಎದ್ದಿದೆ ಎಂದು ಒಂದೇ ನೋಟಕ್ಕೆ ತೀರ್ಮಾನಿಸಿ ‘ನಿರ್ಲಕ್ಷ್ಯದಿಂದಾದ ಹಾನಿ’ ಎಂದು ಬರೆದೂಬಿಟ್ಟೆ.

“ಕದ್ದ ಮಾಲು ಹಿಂಗೇ ಇಡ್ತಾರ್ರಿ,” ಎಂದು ದಿಲೀಪ ನಕ್ಕ. ನನಗೆ ಮೈ ಉರಿಯಿತು. ಆ ಸಿಟ್ಟಿನಲ್ಲೇ ಮತ್ತೊಮ್ಮೆ ಲೆನ್ಸ್ ಹಿಡಿದೆ. ಗುಳ್ಳೆಗಳು ಅಡ್ಡಾದಿಡ್ಡಿ ಏಳುತ್ತವೆ, ಇವು ಎರಡು ಸಾಲಾಗಿ ನಿಂತಿದ್ದವು. ತಿರುಗಿಸಿದರೆ ಹಿಂಬದಿ ಪೂರ್ತಿ ಡಾಂಬರು.

“ಗ್ವಾಡಿ ಹಸಿ ಇತ್ತಂತ ಅಳಿಯ ಬಳದಾನ್ರಿ,” ಎಂದಳು ಕಾಶೀಬಾಯಿ.

“ಅದಕ್ಕೂ ಮೊದಲ ಅಲ್ಲಿ ಏನರ ಇತ್ತೇನವ್ವಾ?”

“ಚುಕ್ಕಿ ಇದ್ದವ್ರಿ. ನನಗ ಓದ್ಲಾಕ ಬರಲ್ಲ. ಅಂಗಡಿ ಗುರುತು ಅಂತ ತಿಳಕೊಂಡಿದ್ದೆ.”

ನಮ್ಮ ಕಡೆ ಮದುವೆಗೆ ಪಾತ್ರೆ ಕೊಡುವವರು ಭಾಂಡೆ ಅಂಗಡಿಯಲ್ಲಿ ಅದರ ಮೇಲೆ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆಸಿಯೇ ಕೊಡುತ್ತಾರೆ. ತಾಮ್ರ ಕಂಡದ್ದೇ ತಡ, ಯಾರೋ ಈ ಚಿತ್ರದ ಬೆನ್ನಿಗೂ ಉಳಿಯಿಟ್ಟು ಕುಟ್ಟಿಸಿದ್ದರು, ಆ ಚುಕ್ಕೆಗಳೇ ಮುಂದೆ ಆಕಾಶದಲ್ಲಿ ಉಬ್ಬಿದ್ದವು! ಆದರೆ ಯಾರ ಹೆಸರು? ಟರ್ಪೆಂಟೈನ್ ಅದ್ದಿದ ಹತ್ತಿಯಿಂದ ಡಾಂಬರು ತೆಗೆಯತೊಡಗಿದೆ. ಮೊದಲ ಸಾಲು ಕಂಡಿತು: ‘ಸುಶೀಲಾಬಾಯಿ, ಚಿದ್ರಿ’.

“ನೋಡ್ರಿ, ನಮ್ಮ ದೊಡ್ಡವ್ವನ ಹೆಸರು! ಮಾಲು ನಮ್ದೇ!” ದಿಲೀಪ ಎದ್ದೇ ನಿಂತ. ಕಾಶೀಬಾಯಿ ಸೆರಗನ್ನು ಬಾಯಿಗೊತ್ತಿಕೊಂಡಳು. ಇನ್ಸ್‌ಪೆಕ್ಟರು ಪೆನ್ನು ತೆಗೆದರು.

“ಇನ್ನೊಂದು ಸಾಲದ, ಕೂಡ್ರಿ,” ಎಂದು ಗದರಿದೆ.

ಅರ್ಧ ಗಂಟೆ ಹಿಡಿಯಿತು. ಎರಡನೆಯ ಸಾಲು ಹೀಗಿತ್ತು: ‘ಕಾಶೀಬಾಯಿ ಮಗಳ ಲಗ್ನಕ್ಕೆ ಪ್ರೀತಿಯಿಂದ’.

ಬರೆದಿದ್ದ ವರದಿಯನ್ನು ಹರಿದುಹಾಕಿದೆ. ಆಕೆಯ ಪಾಲಿನ ಒಂದೇ ಸಾಕ್ಷಿಗೆ ನಾನು ಹಾನಿ ಎಂದು ಹೆಸರಿಟ್ಟಿದ್ದೆ, ನಾಚಿಕೆಯಾಯಿತು. ವಸ್ತುವಿನ ಬಗ್ಗೆ ತೀರ್ಪು ಬರೆಯುವ ಮುನ್ನ ಅದರ ಜೊತೆ ಬದುಕಿದವರನ್ನು ಮಾತಾಡಿಸಬೇಕು. ಇಷ್ಟನ್ನು ಕಲಿಯಲು ನನಗೆ ನಿವೃತ್ತಿಯಾಗಬೇಕಾಯಿತು.

“ನಿಮ್ಮ ಚಿತ್ರ ನಿಮಗೇ ಬರ್ತದವ್ವಾ,” ಎಂದರು ಇನ್ಸ್‌ಪೆಕ್ಟರು.

“ಅದು ಆಮ್ಯಾಲ ಬರ್ಲಿರಿ. ಎರಡು ತಿಂಗಳಾತು, ಓಣ್ಯಾಗ ತಲಿ ಎತ್ತಿಲ್ಲ ನಾ. ಅಲ್ಲಿ ಬರದದ್ದು ಮೊದಲ ದಿಲೀಪನ ಬಾಯಿಲೆ ಓದಸ್ರಿ.”

ದಿಲೀಪ ತಗಡನ್ನು ಹಿಡಿದು ಗೊಣಗಿದ.

“ಜೋರ್‌ಲೆ ಓದಪ್ಪಾ,” ಎಂದಳು ಕಾಶೀಬಾಯಿ.