ಅರ್ಧ ಬಾಳೆಹಣ್ಣಿನ ಕಂಪ್ಯೂಟರ್

ಕಂಪ್ಯೂಟರನ್ನು ಬಾಳೆಹಣ್ಣಿನಲ್ಲಿ ಅಳೆದವರು ಈ ಭೂಮಿಯ ಮೇಲೆ ಒಬ್ಬರೇ: ಕಮಲಾಪುರದಲ್ಲಿ ನಮ್ಮ ಪಕ್ಕದ ಮನೆಯ ಪ್ರಲ್ಹಾದ ಕಾಕಾ. ಡ್ರಾಯಿಂಗ್ ಮಾಸ್ತರು. ತಲೆಯ ಮೇಲೆ ಕರಿ ಟೊಪ್ಪಿಗೆ, ಮೂಗಿನ ಕೆಳಗೆ ಇಬ್ಬರಿಗೆ ಹಂಚಿದರೂ ಮಿಗುವಷ್ಟು ಮೀಸೆ. ಕಂಪ್ಯೂಟರ್ ಹುಚ್ಚರಿಗೆಂದೇ ಅವರು ಕನ್ನಡದಲ್ಲಿ ಒಂದು ವೆಬ್‌ಸೈಟ್ ನಡೆಸುತ್ತಿದ್ದರು. ಬೇರೆಯವರು ಹೊಸ ಯಂತ್ರದ ಗುಣಕ್ಕೆ ಐದರಲ್ಲಿ ಇಷ್ಟು ಎಂದು ನಕ್ಷತ್ರ ಕೊಟ್ಟರೆ ಕಾಕಾ ನಮ್ಮೂರ ಕೆಂಪು ಬಾಳೆಹಣ್ಣು ಕೊಡುತ್ತಿದ್ದರು. ಪೂರ್ತಿ ಐದು ಯಾರಿಗೂ ಸಿಕ್ಕಿರಲಿಲ್ಲ, ಅವರ ಹೆಂಡತಿ ಕಾಕು ಮಾಡಿದ ಹುಗ್ಗಿಗೂ.

ಕಂಪ್ಯೂಟರ್ ಮಾತ್ರ ಅವರ ಮನೆಯಲ್ಲಿರಲಿಲ್ಲ. ಅದೊಂದೇ ಅವರ ಆಸೆ. ಭಾನುವಾರ ಬಸ್ಸು ಹತ್ತಿ ಕಲಬುರಗಿಗೆ, ಖಲೀಲ್ ಭಾಯ್ ಅವರ ಇಂಟರ್‌ನೆಟ್ ಅಂಗಡಿಗೆ ಹೋಗುತ್ತಿದ್ದೆವು. ಟೈಪ್ ಮಾಡುವವನು ನಾನು. ನನ್ನ ವೇಗಕ್ಕೆ ಬಿಸಿಯಾದ ಕೀಬೋರ್ಡಿನ ಮೇಲೆ ರೊಟ್ಟಿ ಬೇಯಿಸಬಹುದಿತ್ತು.

ಹೊರದೇಶದ ಸುದ್ದಿತಾಣಗಳಲ್ಲಿ ಹೊಸ ಯಂತ್ರದ ಚಿತ್ರ, ಆಗಿನ ನಿಧಾನದ ಲೈನಿನಲ್ಲಿ, ಮೇಲಿನಿಂದ ಗೆರೆ ಗೆರೆಯಾಗಿ ಇಳಿಯುತ್ತಿತ್ತು. ಕಾಕಾ ಕೂಗುತ್ತಿದ್ದರು: “ತಲಿ ಬಂತು! ಹೊಟ್ಟಿ ಬರಲಾಕತ್ತದ!” ಇಡೀ ಅಂಗಡಿ ಹಿಂದೆ ನೆರೆಯುತ್ತಿತ್ತು. ಒಮ್ಮೆ ಹೊಟ್ಟೆಯ ಹೊತ್ತಿಗೇ ಕರೆಂಟ್ ಹೋಯಿತು. “ಮೇಲಿನರ್ಧ ಛಲೋ ಅದ. ಕೆಳಗಿಂದು ನೋಡಿಲ್ಲ. ಹಂಗೇ ಬರಿ ತಮ್ಮಾ,” ಎಂದರು.

ಅವರ ಸ್ವಂತ ಫೋಟೊ ಸೈಟಿಗೆ ಏರಿಸುವಾಗಲೂ ಲೈನ್ ಕಡಿಯಿತು. ಟೊಪ್ಪಿಗೆಯಿಂದ ಮೂಗಿನವರೆಗೆ ಹೋಯಿತು. ಮೀಸೆ ಕಲಬುರಗಿಯಲ್ಲೇ ಉಳಿಯಿತು.

“ಇನ್ನೊಮ್ಮಿ ಏರಿಸ್ಲೇನ್ರಿ ಕಾಕಾ?”

“ಬ್ಯಾಡ ಬಿಡು. ಮೀಸಿ ನನ್ನ ಸ್ವಂತ ಕಂಪ್ಯೂಟರ್‌ನಿಂದ ಏರಿಸ್ತೀನಿ.”

ಆ ಯೋಗವೂ ಬಂತು. ಖಲೀಲ್ ಭಾಯ್ ತಾವೇ ಬಿಡಿಭಾಗ ಜೋಡಿಸಿ ಕಂಪ್ಯೂಟರ್ ಮಾರಲು ಶುರು ಮಾಡಿದರು. “ಮಾಸ್ತರ್ ಸಾಬ್, ಇದಕ್ಕ ಐದು ಬಾಳೆಹಣ್ಣು ಬರೀರಿ. ಒಂದು ಪೀಸ್ ನಿಮ್ಮ ಮನಿಗಿ, ಬಿಲ್ಕುಲ್ ಫುಕಟ್, ಒಂದು ಪೈಸಾ ಬ್ಯಾಡ!”

ಕಾಕಾ ಗುಂಡಿ ಒತ್ತಿದರು. ಫ್ಯಾನು ತಿರುಗಿತು. ಊರಾಚೆ ನಂದೂರಿನ ಬೇಳೆ ಮಿಲ್ಲುಗಳೆಲ್ಲ ನಾಚಿ ಬಾಗಿಲು ಹಾಕಿಕೊಂಡಿರಬೇಕು, ಅಂಥ ಸದ್ದು.

“ಅರ್ಧ ಬಾಳೆಹಣ್ಣು,” ಎಂದರು ಕಾಕಾ.

“ಅರ್ಧ?!”

“ಡಬ್ಬಿ ಬಣ್ಣ ಛಲೋ ಅದ, ಅದಕ್ಕ.”

ನಾನು ಕಿವಿಯಲ್ಲಿ ಪಿಸುಗುಟ್ಟಿದೆ: “ಕಾಕಾ, ಮೀಸಿ!”

“ಸುಮ್ನಿರಲೇ. ತಾಜಸುಲ್ತಾನಪುರದಾಂವ ಯಾರೋ ನನ್ನ ಮಾತು ನಂಬಿ ಇದನ್ನ ಒಯ್ದರ, ಈ ಸದ್ದಿಗಿ ಅಂವನ ಎಮ್ಮಿ ಹಾಲು ಬಿಡ್ತದೇನು?”

ಖಲೀಲ್ ಭಾಯ್ ಮುಖ ಊದಿಸಿಕೊಂಡರು. ಆದರೂ ಮುಂದಿನ ಭಾನುವಾರ ಕಾಕಾಗೆ ಚಹಾ ತರಿಸಿದರು, ಸಕ್ಕರೆ ಇಲ್ಲದ್ದು.

ಮನೆಗೆ ಕಂಪ್ಯೂಟರ್ ಬರಲೇ ಇಲ್ಲ. ಕಾಕಾ ತೀರಿಹೋದ ಮೇಲೆ ಒಂದು ಭಾನುವಾರ ನಾನೊಬ್ಬನೇ ಅಂಗಡಿಗೆ ಹೋದೆ. ಖಾಲಿ ಇದ್ದದ್ದು ಮಾರಾಟವಾಗದ ಅದೇ ಕಂಪ್ಯೂಟರ್. ಸೈಟ್ ತೆರೆದೆ. ಟೊಪ್ಪಿಗೆ ಬಂತು, ಕನ್ನಡಕ ಬಂತು, ಮೂಗು ಬಂತು. ಅದರ ಕೆಳಗೆ ಬರೀ ಬೂದು ಬಣ್ಣ. ಗೊತ್ತಿದ್ದೂ ಕಾಯುತ್ತ ಕೂತೆ.

ಖಲೀಲ್ ಭಾಯ್ ಹಿಂದಿನಿಂದ ಬಂದು ಪರದೆಯ ಮುಂದೆ ಕೆಂಪು ಬಾಳೆಹಣ್ಣು ಇಟ್ಟರು. ಪೂರ್ತಿ ಐದು. ಏನೋ ಹೇಳಿದರು ಕೂಡ. ಆ ಫ್ಯಾನಿನ ಸದ್ದಿನಲ್ಲಿ ನನಗೆ ಒಂದಕ್ಷರವೂ ಕೇಳಿಸಲಿಲ್ಲ.