ಅಣ್ಣನ ಕಣ್ಣು

ನಮ್ಮ ಬೀದಿಯ ಟೈಲರ್ ಮಾಸ್ಟರ್ ಒಳ್ಳೆಯವನು ಎನ್ನುವವರು ಈಗಲೂ ಇದ್ದಾರೆ. ಇರಲಿ. ನಾನು ಆ ಗುಂಪಿಗೆ ಸೇರಿದವಳಲ್ಲ. ಅವನ ಅಂಗಡಿಗೆ ಅಂಟಿಕೊಂಡೇ ನನ್ನ ಇಸ್ತ್ರಿ ಅಂಗಡಿ. ನಡುವೆ ಇರುವುದು ಎದೆಮಟ್ಟದ ಒಂದು ಹಲಗೆ ಅಡ್ಡಗೋಡೆ. ಅಲ್ಲಿ ಹೊಲಿದ ಬಟ್ಟೆ ನನ್ನ ಪೆಟ್ಟಿಗೆಯ ಕೆಳಗೆ ಹಾದೇ ಗಿರಾಕಿಯ ಕೈ ಸೇರುತ್ತಿತ್ತು. ಹಾಗಾಗಿ ಇದು ಯಾರೋ ಹೇಳಿದ್ದಲ್ಲ, ನಾನೇ ಕಂಡದ್ದು. ನ್ಯಾಯವಾಗಿ ಹೇಳುತ್ತೇನೆಂಬ ಭರವಸೆ ಮಾತ್ರ ಕೊಡಲಾರೆ.

ಹೇಳಬೇಕಾದದ್ದು ಅವನ ತಂಗಿಯ ಬಗ್ಗೆ. ಅಂಗಿಗೆ ಗುಂಡಿ ಹಚ್ಚುವುದು, ಗುಂಡಿ ತೂರುವ ಕಾಜಾಗಳನ್ನು ಸೂಜಿ ದಾರ ಹಿಡಿದು ಹೊಲಿಯುವುದು ಅವಳ ಕೆಲಸ. ಬೀದಿಗೆಲ್ಲ ಅವಳು ಕಾಜಾ ಅಕ್ಕ. ಗಂಡ ತೀರಿಕೊಂಡ ಮೇಲೆ ಬಂದು ಅಣ್ಣನ ಅಂಗಡಿಯ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕೂತವಳ ತಲೆಗೂದಲು ಅಲ್ಲೇ ಬೆಳ್ಳಗಾಯಿತು. ಗಿರಾಕಿಗಳ ಬೈಗುಳ ತಿನ್ನುವುದೂ ಅವಳ ಪಾಲಿಗೇ. ಅದಕ್ಕೆ ಅವಳ ಹತ್ತಿರ ಬಗೆಬಗೆಯ 'ನಾಳೆ'ಗಳಿದ್ದವು. ಬರೀ "ನಾಳೆ" ಅಂದರೆ ಬಟ್ಟೆಗೆ ಇನ್ನೂ ಕತ್ತರಿಯೇ ಬಿದ್ದಿಲ್ಲ. "ನಾಳೆ ಖಂಡಿತ" ಅಂದರೆ ಕತ್ತರಿಸಿದೆ, ಹೊಲಿದಿಲ್ಲ. "ನಾಳೆ ಸಂಜೆ ಬನ್ನಿ, ಟೀ ಕುಡಿದು ಹೋಗುವಿರಂತೆ" ಅಂದರೆ ಕಾಜಾ ಒಂದು ಬಾಕಿ. ಜಗಳಗಂಟ ಗಿರಾಕಿ ಬೀದಿಯ ತುದಿಯಲ್ಲಿ ಕಂಡರೆ ಸಾಕು, ಮೆಷಿನ್ ಮೇಲಿದ್ದ ಬಟ್ಟೆ ಎಳೆದು ಅವನ ಬಟ್ಟೆ ಹರಡುವಳು. ಅವನು ಬಂದು ನೋಡಿ, ಓಹೋ ನನ್ನದೇ ನಡೆಯುತ್ತಿದೆ ಎಂದು ತಣ್ಣಗಾಗಿ ಹೋಗುವನು. ಹಲಗೆಯ ಈಚೆ ನಾನು ನಗು ತಡೆಯಲಾರದೆ ಸೀರೆಯ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದೆ.

ಅವಳಿಗಿದ್ದದ್ದು ಒಂದೇ ಆಸೆ. ಕತ್ತರಿ ಹಿಡಿಯಬೇಕು. ಆ ಕಸುಬಿನಲ್ಲಿ ಬಟ್ಟೆ ಕತ್ತರಿಸುವವನೇ ಮಾಸ್ಟರ್. ಮಿಕ್ಕವರು ಎಷ್ಟು ಹೊಲಿದರೂ ಕೈಕೆಳಗಿನವರೇ. ಕತ್ತರಿ ಬಂದರೆ ತನ್ನದೇ ಒಂದು ಅಂಗಡಿ, ಯಾರ ಹಂಗೂ ಇಲ್ಲದ ಮುಪ್ಪು. ಕಲಿಸು ಎಂದಾಗೆಲ್ಲ ಅಣ್ಣ, "ನಾಳೆ ಕೂರಿಸ್ಕೊಂಡು ಹೇಳ್ಕೊಡ್ತೀನಿ ಪುಟ್ಟಿ" ಅನ್ನುತ್ತಿದ್ದ. ಅವಳು ಮುಖ ಊದಿಸಿಕೊಂಡರೆ ಹಳೇ ಪೇಪರು ಹರಡಿ, ಕೈಗೆ ಸೀಮೆಸುಣ್ಣ ಕೊಟ್ಟು ತೋಳಿನ ಒಂದು ಗೆರೆ ಎಳೆಸುತ್ತಿದ್ದ. ಅಷ್ಟಕ್ಕೇ ಅವಳ ಮುಖ ಅರಳುತ್ತಿತ್ತು. ಆಮೇಲೆ ಪೇಪರು ಮಡಚಿ ಒಳಗಿಟ್ಟರೆ ಮತ್ತೆ ವರ್ಷವೇ.

ಒಂದು ದಿನ ನಾನು ಬಾಯಿಬಿಟ್ಟೇ ಹೇಳಿದೆ. "ಅಕ್ಕ, ಅವ್ರು ನಿನ್ನ ಮೂಗಿಗೆ ತುಪ್ಪ ಸವರ್ತಿದಾರೆ. ನೀನು ಗಿರಾಕಿಗಳಿಗೆ ಮಾಡೋದನ್ನೇ ನಿನಗೆ ಮಾಡ್ತಿದಾರೆ."

ಅವಳು ಸೂಜಿಯಿಂದ ಕಣ್ಣೆತ್ತದೆ ನಕ್ಕಳು. "ಒಡಹುಟ್ಟಿದವಳು ಕಣೇ. ನಾನೇನು ಗಿರಾಕಿನಾ?"

ನಾನು ನನ್ನ ಇಸ್ತ್ರಿಗೆ ಮರಳಿದೆ.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಅಂಗಿಗಳ ಅಂಚು ಸೊಟ್ಟ ಬರತೊಡಗಿತು. ಎಲ್ಲವೂ ಅಲ್ಲ, ಆಗೊಂದು ಈಗೊಂದು. ಗುಂಡಿಪಟ್ಟಿ ಮೇಲೆ ಅಗಲ, ಕೆಳಗೆ ಸಪೂರ. ಮೊದಲು ಕಂಡದ್ದು ಅವಳಿಗೇ. ಪಟ್ಟಿಯನ್ನು ಬಿಚ್ಚಿ, ಒಳಕ್ಕೆ ಮಡಚಿ, ಕಾಜಾವನ್ನು ಒಂದು ಕೂದಲಿನಷ್ಟು ಸರಿಸಿ ಹಾಕಿ, ಸೊಟ್ಟ ಕಾಣದಂತೆ ಮಾಡಿ ನನ್ನ ಕೈಗೆ ಕೊಡುವಳು. "ಬಿಸಿ ಜಾಸ್ತಿ ಇಟ್ಟು ಒತ್ತು. ಯಾರಿಗೂ ಹೇಳ್ಬೇಡ," ಎನ್ನುವಳು. "ಅಣ್ಣನ ಕಣ್ಣು ಹೋಗ್ತಿದೆ."

ಆ ದಿನಗಳಲ್ಲಿ ಅವಳನ್ನು ನೋಡಬೇಕಿತ್ತು. ಅಣ್ಣನ ಮೇಜಿನ ಮೇಲಿನ ದೀಪ ಬದಲಾಯಿಸಿದಳು. ಅವನು ಹೊಸ್ತಿಲು ದಾಟುವಾಗ ಕೈ ಹಿಡಿಯಲು ಏಳುವಳು. ಬೇಡ ಬೇಡ ಎಂದರೂ ಬಿಡದೆ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವನು ಒಬ್ಬನೇ ಒಳಗೆ ಹೋಗಿ ಬಂದ. ಅಂಗಡಿಗೆ ಮರಳಿ ನಿಟ್ಟುಸಿರುಬಿಟ್ಟು ಹೇಳಿದ್ದನ್ನು ಹಲಗೆಯ ಈಚೆಯಿಂದ ನಾನೂ ಕೇಳಿದೆ.

"ಸ್ವಲ್ಪ ಮಂಜು ಇದೆಯಂತೆ ಪುಟ್ಟಿ. ನಾಳೆ ಕಣ್ಣು ಪೂರ್ತಿ ಕೈಕೊಟ್ರೆ ಈ ಕತ್ತರಿ ನಿನ್ನದೇ."

ಅವಳು ಅತ್ತಳು. ನಾಳೆಯನ್ನು ನೆನೆದರೆ ಅಣ್ಣನಿಗೆ ಕತ್ತಲು, ತನಗೆ ಕತ್ತರಿ. ಖುಷಿಪಡುವುದೂ ಪಾಪ ಅನ್ನಿಸಿ, ಖುಷಿ ಬಂದಾಗಲೆಲ್ಲ ತನ್ನ ತೊಡೆ ಚಿವುಟಿಕೊಳ್ಳುತ್ತಿದ್ದಳಂತೆ. ಇದನ್ನು ಅವಳೇ ನನಗೆ ಹೇಳಿದ್ದು. ಹೀಗೆ ಒಂದು ವರ್ಷದ ಮೇಲಾಯಿತು. ಬರಬರುತ್ತ ಅಂಚು ನೆಟ್ಟಗಾಯಿತು. ದೀಪ ಬದಲಾಯಿಸಿದ್ದು ಒಳ್ಳೆಯದಾಯಿತು ಅಂದುಕೊಂಡೆವು. ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ!

ಆಮೇಲೊಂದು ಮಧ್ಯಾಹ್ನ ಬಾಗಿಲಿಗೆ ಟೆಂಪೋ ಬಂತು. ಇಳಿದವನು ಮಾಸ್ಟರನ ಅಳಿಯ. ಒಳ್ಳೆಯ ಹುಡುಗ, ಅವನ ಮೇಲೆ ನನಗೆ ಸಿಟ್ಟಿಲ್ಲ. ಒಂದು ಮೆಷಿನ್ ಎತ್ತಿಕೊಂಡು ಹೊರಟವನು ಕಾಜಾ ಅಕ್ಕನ ಮುಖ ನೋಡಿ ನಿಂತ.

"ದೊಡ್ಡ ರಸ್ತೇಲಿ ಅಂಗಡಿ ಹಾಕಿದೀವಲ್ಲ ಅತ್ತೆ. ಮಾವ ಹೇಳಿಲ್ವಾ?"

ಅವಳು ಅಣ್ಣನ ಕಡೆ ನೋಡಿದಳು. ಅವನು ಟೇಪು ಸುತ್ತುತ್ತಿದ್ದ.

"ಕಾಜಾ ಹಾಕೋಕೆ ಅಲ್ಲಿ ಮೆಷಿನ್ನೇ ಬಂದಿದೆ. ನೀವಿನ್ನು ಆರಾಮಾಗಿ ಮನೇಲಿರಿ," ಎಂದ ಹುಡುಗ. ಸೇರಿಸಿದ್ದು ಪ್ರೀತಿಯಿಂದಲೇ. "ರಾತ್ರಿ ನಮ್ಮನೇಲಿ ಮಾವನ ಹತ್ರ ಕಟಿಂಗ್ ಕಲಿಯೋವಾಗ ನಾನು ಎಷ್ಟು ಅಂಗಿ ಸೊಟ್ಟ ಕತ್ತರಿಸಿದ್ನೋ. ಎಲ್ಲ ನೀವೇ ಸರಿ ಮಾಡಿ ಕೊಟ್ಟಿರಂತೆ. ನೀವಿಲ್ದಿದ್ರೆ ಮಾವನ ಮರ್ಯಾದೆ ಹೋಗ್ತಿತ್ತು ಅತ್ತೆ."

ಇಸ್ತ್ರಿ ಪೆಟ್ಟಿಗೆ ಬಟ್ಟೆಯ ಮೇಲೇ ಬಿಟ್ಟು ನಾನು ಆಚೆ ಬಂದಿದ್ದೆ. ಯಾರದೋ ಬಿಳಿ ಅಂಗಿ ಸುಟ್ಟುಹೋದದ್ದು ಆಮೇಲೆ ಗೊತ್ತಾಯಿತು. ಅಳಿಯ ಮೆಷಿನ್ ಹೊತ್ತು ಹೊರಗೆ ಹೋದ. ಕಾಜಾ ಅಕ್ಕ ಸ್ಟೂಲಿನಿಂದ ಏಳಲಿಲ್ಲ. ತೊಡೆಯ ಮೇಲೆ ಅರ್ಧ ಮುಗಿದ ಅಂಗಿ ಹಾಗೇ ಇತ್ತು.

"ಮೊದಲೇ ಯಾಕೆ ಹೇಳ್ಲಿಲ್ಲ ಅಣ್ಣ?"

"ಹೇಳಿದ್ರೆ ನೀನು ಕೂತು ಕೆಲಸ ಮಾಡ್ತಿದ್ದೆಯಾ? ಒಪ್ಕೊಂಡ ಬಟ್ಟೆ ಮುಗೀಬೇಕಿತ್ತಲ್ಲ." ಅವನ ದನಿಯಲ್ಲಿ ಅಳುಕೂ ಇರಲಿಲ್ಲ. ಹವಾಮಾನದ ಬಗ್ಗೆ ಮಾತಾಡುವವನಂತೆ ಹೇಳಿದ. "ಅವನಿಗೂ ಒಂದು ದಾರಿ ಆಗ್ಬೇಕು. ಮಗಳ ಸಂಸಾರ ನೋಡು."

ಈಗ ಕಿರುಚುತ್ತಾಳೆ, ಈಗ ಅಂಗಿಯನ್ನು ಅವನ ಮುಖಕ್ಕೆ ಎಸೆಯುತ್ತಾಳೆ ಎಂದು ಕಾದೆ. ನನ್ನ ನಾಲಗೆಯ ಮೇಲೆ ಬೈಗುಳ ಸಿದ್ಧವಾಗಿದ್ದವು. ಅವಳು ಶುರು ಮಾಡಿದರೆ ಜೊತೆಗೂಡುವವಳಿದ್ದೆ. ಅವಳು ಅಣ್ಣನ ಕಣ್ಣುಗಳನ್ನೇ ನೋಡಿದಳು.

"ಹಾಗಾದ್ರೆ ನಿನ್ನ ಕಣ್ಣು?"

"ಕಣ್ಣಿಗೇನಾಗಿದೆ? ಚೆನ್ನಾಗೇ ಇದೆ."

"ಮಂಜು ಇಲ್ವಾ?"

"ಇಲ್ಲ."

ಅವಳ ಮುಖ ಸಡಿಲವಾಯಿತು. ಎದೆಯಿಂದ ದೊಡ್ಡ ಉಸಿರೊಂದು ಹೊರಬಂತು. ಅವಳಿಗೆ ನಿಜವಾಗಿಯೂ ಸಮಾಧಾನವಾಗಿತ್ತು. "ಸದ್ಯ," ಎಂದಳು.

ಅಂದ ಮೇಲೆಯೇ, ಆ ಮಂಜೂ ತನಗೆ ಕೊಟ್ಟ ಇನ್ನೊಂದು 'ನಾಳೆ' ಎಂದು ಅವಳಿಗೆ ಅರ್ಥವಾದದ್ದು. ಅಂಗಿಯನ್ನು ಬಾಯಿಗೆ ತುರುಕಿಕೊಂಡು ಅಳತೊಡಗಿದಳು. ಮಾಸ್ಟರ್ ಎರಡನೇ ಮೆಷಿನ್ನಿನ ಪೆಡಲ್ ಕಳಚಲು ಬಗ್ಗಿದ.